ಕರೆಸಿಕೊಂಡ ಗಾಳಿ

ಹಾಯಿಹಡಗಿನ ಮುಂದೆ, ಎರಡು ಮೈಲಿ ದೂರದಲ್ಲಿ, ಆಳಿಲ್ಲದ ಪುಟ್ಟ ದೋಣಿಯೊಂದು ಸಮುದ್ರಕ್ಕೆ ಕಪ್ಪು ಬಳಿಯುತ್ತಾ ಹೋಗುತ್ತಿತ್ತು. ಪಾಚಿಯಿಂದ ತೆಗೆದ ಎಣ್ಣೆ ಅದು. ಕೂದಲಿಗಿಂತ ತೆಳುವಾಗಿ ನೀರ ಮೇಲೆ ಹರಡಿ ಬಿಸಿಲನ್ನು ಹೀರುತ್ತದೆ. ಮೇಲಿನ ಗಾಳಿ ಕಾದು ಏರುತ್ತದೆ, ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಡೀಸೆಲ್ ಮುಗಿದ ಆ ಕಾಲದಲ್ಲಿ ಮಂಗಳೂರಿನಿಂದ ಆಫ್ರಿಕಕ್ಕೆ ಹೊರಟ ಸರಕುಹಡಗುಗಳು ಸಮಭಾಜಕ ವೃತ್ತದ ಬಳಿ ಗಾಳಿಯಿಲ್ಲದೆ ವಾರಗಟ್ಟಲೆ ನಿಂತುಬಿಡುತ್ತಿದ್ದವು. ಅದಕ್ಕೆ ವಿಜ್ಞಾನಿ ತಾರಾನಾಥ ಬಂಗೇರರು ಕಂಡುಕೊಂಡ ಉಪಾಯವಿದು. ಮೊದಲ ಪ್ರಯೋಗಕ್ಕೆ ಅವರೂ ಹಡಗಿನಲ್ಲಿದ್ದರು.

ಜೋತುಬಿದ್ದ ಹಾಯಿಗಳು ಉಬ್ಬಿದಾಗ ಹಡಗಿನವರೆಲ್ಲ ಕೇಕೆ ಹಾಕಿದರು. ಕ್ಯಾಪ್ಟನ್ ಫ್ಲೋರಿನ್ ಪಿಂಟೋ ಕೂಡ ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಅವಳ ನಗು ಇಂಗಿತ್ತು. ಕಪ್ಪು ನೀರಿನ ಮೇಲೆ ಮೋಡವೊಂದು ಗೋಡೆಯಂತೆ ಏಳುತ್ತಿತ್ತು. ಹಗ್ಗಗಳು ಕಿರುಗುಟ್ಟತೊಡಗಿದವು.

"ಸರ್, ಇದು ಜಾಸ್ತಿ ಆಯ್ತು. ನಿಲ್ಲಿಸಿ."

"ದೋಣಿಯನ್ನು ಆಗಲೇ ನಿಲ್ಲಿಸಿದ್ದೇನೆ," ಎಂದರು ಬಂಗೇರರು. "ಹರಡಿದ್ದನ್ನು ವಾಪಸ್ ತೆಗೀಲಿಕ್ಕೆ ಆಗುದಿಲ್ಲ. ಸಂಜೆಗೆ ತಾನೇ ಕರಗ್ತದೆ."

"ಸಂಜೆವರೆಗೆ ಎಂತ ಮಾಡುದು?"



ಆಗಲೇ ರೇಡಿಯೋದಲ್ಲಿ ದನಿಯೊಂದು ಕೂಗಿತು. ಮೀನು ಅರಸಿ ಇಷ್ಟು ದೂರ ಬಂದಿದ್ದ ಮಲ್ಪೆಯ ಮೀನುದೋಣಿ, ಅದರಲ್ಲಿ ಹಂಝ ಮತ್ತು ಅವನ ತಮ್ಮ. "ಗಾಳಿ ನಮ್ಮನ್ನು ಮೋಡದ ಅಡಿಗೆ ಎಳೀತಾ ಉಂಟು! ಹಾಯಿ ಇಳಿಸಿದ್ರೂ ದೋಣಿ ನಿಲ್ತಾ ಇಲ್ಲ! ಯಾರಾದ್ರೂ ಇದ್ದೀರಾ?"

ಹಡಗನ್ನು ಅಡ್ಡ ತಿರುಗಿಸಿ ಪಾರಾಗಲು ಇನ್ನೂ ಸಮಯವಿತ್ತು. ಆದರೂ ಫ್ಲೋರಿನ್ ಚುಕ್ಕಾಣಿ ಹಿಡಿದು ನೇರ ಮೋಡದತ್ತಲೇ ಹೋದಳು.

ಒಳಗೆ ಹಗಲೇ ಇರಲಿಲ್ಲ. ಮಳೆ ಅಡ್ಡಡ್ಡ ಬಡಿಯುತ್ತಿತ್ತು. ಮುಂದಿನ ಹಾಯಿ ಸಿಡಿದು ಚಿಂದಿಯಾಯಿತು. ಮಗುಚಿದ ದೋಣಿಯ ಬೆನ್ನಿಗೆ ಅಂಟಿಕೊಂಡಿದ್ದ ಇಬ್ಬರು ಮಿಂಚಿನಲ್ಲಿ ಕಂಡು, ಮಾಯವಾಗಿ, ಮತ್ತೆ ಕಂಡರು. ಬಂಗೇರರೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏಣಿಯಲ್ಲಿ ಇಳಿದು, ಮೊದಲು ತಮ್ಮನನ್ನು, ಆಮೇಲೆ ಹಂಝನನ್ನು ಹಿಡಿದೆಳೆದರು. ದೋಣಿ ಮುಳುಗಿತು.

ಹೊತ್ತು ಇಳಿದಂತೆ ಎಣ್ಣೆ ಕರಗಿತು, ಗಾಳಿ ಸತ್ತಿತು. ಕಂಬಳಿ ಹೊದ್ದು ಕುಳಿತ ಹಂಝ ಕೇಳಿದ: "ಇಂಥ ಗಾಳಿ ಈ ಜಾಗದಲ್ಲಿ ನಾನು ಕಂಡದ್ದೇ ಇಲ್ಲ. ಎಲ್ಲಿಂದ ಬಂತು?"

"ನಾನು ತರಿಸಿದ್ದು," ಎಂದರು ಬಂಗೇರರು.

ಹಂಝ ಅವರನ್ನೇ ದಿಟ್ಟಿಸಿದ. "ತರಿಸುವ ಮೊದಲು, ಆಚೆ ಬದಿಯಲ್ಲಿ ಯಾರಾದ್ರೂ ಇದ್ದಾರಾ ಅಂತ ನೋಡ್ಲಿಲ್ವಾ?"

ಅಷ್ಟರಲ್ಲಿ, ದೂರದಿಂದಲೇ ಹಡಗಿನ ವೇಗ ಗಮನಿಸುತ್ತಿದ್ದ ಕಂಪನಿಯ ಸಂದೇಶ ಬಂತು: ವೇಗ ಅದ್ಭುತ, ಅಭಿನಂದನೆ, ಉಳಿದ ಎಲ್ಲ ಹಡಗುಗಳಿಗೂ ಇದನ್ನು ಅಳವಡಿಸುತ್ತಿದ್ದೇವೆ.

ಓದಿದ ಫ್ಲೋರಿನ್‌ಗೆ ಮೋಡದಡಿಯಲ್ಲೂ ಆಗದಷ್ಟು ಭಯವಾಯಿತು. ಅವಳು ಬಂಗೇರರತ್ತ ನೋಡಿದಳು. ಅವರು ಎದ್ದು ಬಂದು, ಎಲ್ಲ ಹಡಗು ದೋಣಿಗಳಿಗೂ ಕೇಳಿಸುವ ತರಂಗಕ್ಕೆ ರೇಡಿಯೋ ತಿರುಗಿಸಿ, ತಮ್ಮ ಹೆಸರು ಹೇಳಿ, ನಡೆದದ್ದನ್ನು ಮೊದಲಿನಿಂದ ಹೇಳತೊಡಗಿದರು.