ಮೊದಲ ನೀರು

“ಇನ್ನೂ ಬೇಡ ಕಣೇ ರಜನಿ! ಹಲಗೆ ಮುಟ್ಟಬೇಡ!”

ಕಾಲುವೆಯ ಆಚೆ ದಡದಿಂದ ಅಕ್ಕಯಮ್ಮಜ್ಜಿ ಕೂಗಿದರು. ಮಳೆಯ ಸದ್ದಿನಲ್ಲೂ ರಜನಿಗೆ ಅದು ಚೆನ್ನಾಗಿಯೇ ಕೇಳಿಸಿತು. ಆದರೂ ಕೇಳಿಸದವಳಂತೆ ಕಾಲುವೆಗೆ ಅಡ್ಡ ಹಾಕಿದ್ದ ಹಲಗೆಯನ್ನು ಎರಡೂ ಕೈಯಿಂದ ಎಳೆದೇಬಿಟ್ಟಳು. ಪಕ್ಕದ ಗುಂಡಿಗೆ ಹೋಗುತ್ತಿದ್ದ ನೀರು ತಿರುಗಿ ಕೆರೆಯ ಕಡೆ ನುಗ್ಗಿತು.

“ಹೋಗು, ಬೇಗ ಹೋಗು!” ಎಂದಳು ರಜನಿ, ನೀರಿಗೆ.

ಕೆರೆ ತುಂಬಿ ಕೋಡಿ ಹರಿದರೆ ಅವರ ಊರಲ್ಲಿ ಗಂಗಮ್ಮನ ಪೂಜೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ತಂಬಿಟ್ಟಿನ ದೀಪ ಹೊರಬೇಕು. ಗೌನಿಪಲ್ಲಿಗೆ ಸೊಸೆಯಾಗಿ ಹೋದ ರಜನಿಯ ಅಕ್ಕ ಸುನಂದ ಯುಗಾದಿಗೂ ಬರಲಿಲ್ಲ, ಗೌರಿಹಬ್ಬಕ್ಕೂ ಬರಲಿಲ್ಲ.

“ರೇಷ್ಮೆ ಹುಳ ಬಿಟ್ಟು ಹೆಂಗೆ ಬರ್ಲೇ? ಕೋಡಿ ಹರೀಲಿ. ಆಗ ಯಾರು ತಡೆದ್ರೂ ಬರ್ತೀನಿ” ಎಂದು ಫೋನಿನಲ್ಲಿ ಹೇಳಿದ್ದಳು.

ಅಕ್ಕ ಜಡೆ ಹಾಕಿದರೆ ಒಂದು ಕೂದಲೂ ನೋಯುತ್ತಿರಲಿಲ್ಲ. ಅಮ್ಮನೋ, ಹಗ್ಗ ಹೊಸೆದ ಹಾಗೆ ಎಳೆಯುತ್ತಾಳೆ. ಅಕ್ಕನ ನೆನಪಾದಾಗಲೆಲ್ಲ ರಜನಿ ಓಡಿಹೋಗಿ ಕೋಡಿಕಲ್ಲು ನೋಡಿ ಬರುತ್ತಿದ್ದಳು. ನೀರು ಮುಟ್ಟಲು ಇನ್ನೂ ಒಂದು ಗೇಣು ಬಾಕಿ ಇತ್ತು.

ಮರುದಿನ ಭಾನುವಾರ. ಬೆಳಗಾಗುತ್ತಲೇ ಕೆರೆ ಏರಿಯ ಮೇಲೆ ಜನ ಸೇರಿದ್ದರು. ನೀರು ಏರಿತ್ತು ನಿಜ. ಅದರ ಮೇಲೆ ನೊರೆ, ಪ್ಲಾಸ್ಟಿಕ್ ಕವರು, ಟೊಮೇಟೊ ತೋಟದ ಔಷಧಿ ಬಾಟಲಿಗಳು ತೇಲುತ್ತಿದ್ದವು. ಪ್ರತಿ ಮಳೆಯ ಮೊದಲ ನೀರು ಹೊಲ, ಬೀದಿ, ತಿಪ್ಪೆ ಎಲ್ಲವನ್ನೂ ತೊಳೆದುಕೊಂಡು ಬರುತ್ತದೆ. ಅದು ಕೆರೆಗೆ ಸೇರಬಾರದೆಂದೇ ಊರವರು ಸೇರಿ ಗುಂಡಿ ತೋಡಿದ್ದರು, ಹಲಗೆ ಹಾಕಿದ್ದರು. ಅದನ್ನು ಕಾಯಲು ವಾರಕ್ಕೊಂದು ಮನೆಯ ಸರದಿ; ಈ ವಾರ ಅಕ್ಕಯಮ್ಮಜ್ಜಿಯದು.

“ಲೇ ರಜನಿ, ದನಗಳಿಗೆ ಈ ನೀರು ಕುಡಿಸಬಾರದಂತೆ” ಎಂದ ಅವಳ ಕ್ಲಾಸಿನ ಸೀನ. “ನಮ್ಮೆಮ್ಮೆಗೆ ಬಿಂದಿಗೇಲಿ ಹೊತ್ತು ಹಾಕ್ಬೇಕು. ಯಾರೇ ಹಲಗೆ ಕಿತ್ತಿದ್ದು?”

ಅಕ್ಕಯಮ್ಮಜ್ಜಿ ರಜನಿಯ ಹೆಸರು ಹೇಳಲಿಲ್ಲ. “ಬಾ ಅಮ್ಮಾಯ್, ಮಂಕರಿ ಹಿಡ್ಕೋ” ಎಂದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ದಡಕ್ಕೆ ಬಂದ ಕವರುಗಳನ್ನು ಕೋಲಿನಿಂದ ಎಳೆದು ಮಂಕರಿ ಬುಟ್ಟಿಗೆ ತುಂಬುತ್ತಾ ಅವಳು ಕೇಳಿದಳು, “ಅಜ್ಜಿ, ಹಲಗೆ ಯಾವಾಗ ತೆಗೀಬೇಕು ಅಂತ ಹೆಂಗೆ ಗೊತ್ತಾಗುತ್ತೆ?”

“ಬೊಗಸೇಲಿ ನೀರು ಹಿಡಿ. ಅಂಗೈ ಕಂಡ್ರೆ ತೆಗಿ.”

ಮುಂದಿನ ವಾರ ಸರದಿ ರಜನಿಯ ಮನೆಯದು. ಸಂಜೆ ಆವನಿ ಬೆಟ್ಟದ ಕಡೆಯಿಂದ ಮೋಡ ಕವಿದು ಮಳೆ ಬಂತು. ಅಮ್ಮ ಗೋಣಿಚೀಲ ತಲೆಗೆ ಹಾಕಿಕೊಂಡು ಹೊರಟಳು. ರಜನಿಯೂ ಹಿಂದೆಯೇ ಓಡಿದಳು. ಕೋಡಿಗೆ ನಾಲ್ಕು ಬೆರಳಷ್ಟೇ ಬಾಕಿ. ಕಾಲುವೆ ತುಂಬಿ ಬರುತ್ತಿದ್ದ ನೀರೆಲ್ಲ ಗುಂಡಿಗೆ ಹೋಗುತ್ತಿತ್ತು. ಗುಂಡಿ ತುಂಬಿ, ಅಲ್ಲಿಂದ ಹಳ್ಳದ ಪಾಲಾಗುತ್ತಿತ್ತು.

ಅಮ್ಮ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ ಅಂದಳು, “ಮಳೆ ನಿಂತೇಹೋದ್ರೆ? ತೆಗೆದುಬಿಡೋಣ್ವೇನೇ? ಸುನಂದನ್ನ ನೋಡಿ ಎಷ್ಟು ದಿನ ಆಯ್ತು...”

ಅಮ್ಮನಿಗೂ ಅಷ್ಟು ಆಸೆ ಇದೆ ಎಂದು ರಜನಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಅವಳು ಬಗ್ಗಿ ಬೊಗಸೆಯಲ್ಲಿ ನೀರು ಹಿಡಿದಳು. ಕೆಂಪು ನೀರು. ಅಂಗೈ ಕಾಣಲಿಲ್ಲ.

“ಇನ್ನೂ ಬೇಡಮ್ಮ” ಎಂದಳು.

ನೀರು ಹಳ್ಳದ ಕಡೆ ಓಡುತ್ತಲೇ ಇತ್ತು. ಬಸ್‌ಸ್ಟ್ಯಾಂಡಿಗೆ ಬಂದ ಅಕ್ಕ ಮನೆಗೆ ಬಾರದೆ ವಾಪಸ್ಸು ಹೊರಟ ಹಾಗಾಯಿತು ಅವಳಿಗೆ. ಆದರೂ ಹಲಗೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಮ್ಮನೂ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಾಲುವೆಗೆ ಬೊಗಸೆ ಒಡ್ಡಿದಳು.