ನಕ್ಕು ಮಾರಿದ ಕಾರು

"ಎಷ್ಟು ಚೆನ್ನಾಗಿ ನಕ್ಕು ಮಾರಿದ್ರಿ ರೀ!"

ಕಣ್ಣು ಪರೀಕ್ಷಿಸುತ್ತಿದ್ದ ಗುಬ್ಬಿಯ ಕೈಯಲ್ಲಿದ್ದ ಕನ್ನಡಕದ ಮಸೂರ ಜಾರಿ ಮೇಜಿನ ಮೇಲೆ ಬಿತ್ತು.

ಎದುರಿನ ಕುರ್ಚಿಯಲ್ಲಿ ಅಜ್ಜಿಯೊಬ್ಬರು ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮ್ ಹೊತ್ತು, ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದರು. ಅವರೂ ಓದು ನಿಲ್ಲಿಸಿ ಕನ್ನಡಕದಂಗಡಿಯ ಬಾಗಿಲ ಕಡೆ ತಿರುಗಿದರು.

ಬಾಗಿಲಲ್ಲಿ ನಿಂತಿದ್ದವನು ಬೇಕರಿಯವನು. ಅಂಗಿಯ ತುಂಬ ಕ್ರೀಮಿನ ಕಲೆ, ಕಣ್ಣು ಕೆಂಡದಂತೆ ಕೆಂಪು. ಮಂಡಿನೋವಿನಿಂದ ಕ್ಲಚ್ ಒತ್ತಲಾಗದ ಅಪ್ಪನ ಹಳೆಯ ಕಾರನ್ನು ಹೋದ ವಾರ ಕೊಂಡುಕೊಂಡಿದ್ದು ಇವನೇ. ಅವತ್ತಿನಿಂದ ಫೋನ್ ಸದ್ದಾದಾಗಲೆಲ್ಲ ಇವನೇ ಇರಬಹುದೇ ಎಂದು ಗುಬ್ಬಿ ಓಡಿ ನೋಡಿದ್ದುಂಟು. ಬಂದೇ ಬರುತ್ತಾನೆ ಎಂದು ಮನಸ್ಸು ಹೇಳುತ್ತಿತ್ತು ನಿಜ. ಆದರೆ ಹೀಗೆ ಬರುತ್ತಾನೆ ಎಂದುಕೊಂಡಿರಲಿಲ್ಲ.

"ಏನಾಯ್ತು?" ಎಂದಳು.

ಆಗಿದ್ದಿಷ್ಟು. ಮೊಟ್ಟಮೊದಲ ಸಲ ಅವನಿಗೆ ದೊಡ್ಡ ಮದುವೆಯ ಕೇಕ್ ಮಾಡುವ ಕೆಲಸ ಸಿಕ್ಕಿತ್ತು. ಊಟ ನಿದ್ದೆ ಬಿಟ್ಟು ಮಾಡಿದ ಮೂರಂತಸ್ತಿನ ಕೇಕನ್ನು ಹಿಂದಿನ ಸೀಟಿನಲ್ಲಿ ಕೂಸಿನಂತೆ ಕೂರಿಸಿಕೊಂಡು ಹೊರಟಿದ್ದ. ಬೇಕರಿಗೂ ಮನೆಗೂ ಓಡಾಡಿದ್ದು ಬಿಟ್ಟರೆ ಆ ಕಾರಿನಲ್ಲಿ ಅದೇ ಮೊದಲ ದೂರದ ಪ್ರಯಾಣ. ಸೇತುವೆಯ ಮೇಲೆ, ನೆತ್ತಿ ಸುಡುವ ಮಧ್ಯಾಹ್ನದಲ್ಲಿ, ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದು ಕಾರು ನಿಂತೇಬಿಟ್ಟಿತು. ಎಳೆದೊಯ್ಯುವ ಗಾಡಿ ಬರುವಷ್ಟರಲ್ಲಿ ಮೂರಂತಸ್ತು ಒಂದಂತಸ್ತಾಗಿ ಸೀಟಿಗೆ ಇಳಿದಿತ್ತು. ಮದುಮಗಳ ತಾಯಿ ನಾಲ್ಕು ಜನರ ಮುಂದೆ ಅವನ ಮಾನ ಹರಾಜು ಹಾಕಿದ್ದರು.

"ರೇಡಿಯೇಟರ್ ಸೋರೋದು ಇವತ್ತು ನಿನ್ನೇದಲ್ಲವಂತೆ. ಯಾರೋ ದಿನಾ ನೀರು ಹಾಕಿ ಹಾಕಿ ಓಡಿಸಿದಾರೆ, ಮನೆಯವರಿಗೆ ಗೊತ್ತಿಲ್ದೆ ಇರೋಕೆ ಸಾಧ್ಯನೇ ಇಲ್ಲ ಅಂದ ಮೆಕ್ಯಾನಿಕ್," ಎಂದನವನು.

"ಸುಳ್ಳು. ನಮ್ಮ ಕಾರಿಗೆ ಒಂದು ದಿನಾನೂ ಏನೂ ಆಗಿಲ್ಲ."

"ಅವತ್ತೂ ಹೀಗೇ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ರಿ. ನಂಬಿದೆ. ಕಾರು ಹಾಳಾಗಿ ಹೋಗ್ಲಿ ಬಿಡಿ... ಆ ನಗುನೂ ವ್ಯಾಪಾರ ಅಂತ ಗೊತ್ತಿರ್ಲಿಲ್ಲ."

ಕೆನ್ನೆಗೆ ಬಾರಿಸಿದಂತಾಯಿತು ಅವಳಿಗೆ. ಅವತ್ತು ಕಾರನ್ನು ಓಡಿಸಿ ನೋಡಲು ಬಂದವನ ಪಕ್ಕದಲ್ಲಿ ಅವಳು ಕೂತಿದ್ದಳು, ಹಿಂದೆ ಅಪ್ಪ. ಸಕ್ಕರೆಯ ಬದಲು ಉಪ್ಪು ಸುರಿದು ಮಾಡಿದ ಕೇಕನ್ನು ಗಿರಾಕಿಯೊಬ್ಬರು ಮುಲಾಜಿಗೆ ಬಿದ್ದು ಪೂರ್ತಿ ತಿಂದ ಕಥೆ ಹೇಳಿದ್ದ ಇವನು. ತಿಂದಿದ್ದಲ್ಲದೆ ಇನ್ನೊಂದು ತುಂಡು ಕಟ್ಟಿಸಿಕೊಂಡು ಹೋದರಂತೆ! ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಮ್ಮ ತೀರಿಕೊಂಡ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು. ಅದನ್ನು ವ್ಯಾಪಾರ ಅನ್ನುತ್ತಾನಲ್ಲ...

ಸಿಟ್ಟು ನೆತ್ತಿಗೇರಿತು.

"ಓಡಿಸೋಕೆ ಬರದೆ ಕೆಡಿಸ್ಕೊಂಡು ನನ್ನ ತಲೆಗೆ ಕಟ್ಟಬೇಡಿ. ಹೊರಗೆ ಹೋಗಿ."

ಅವನು ಹೊರಟುಹೋದ. ಅಜ್ಜಿ ಫ್ರೇಮಿನೊಳಗಿಂದ ಅವನು ಹೋದ ದಾರಿಯನ್ನೇ ನೋಡಿದರು. "ಈ ಗಾಜಲ್ಲಿ ಚೆನ್ನಾಗಿ ಕಾಣ್ತದಮ್ಮ. ಹುಡುಗ ಅಳೋ ಹಾಗಿದ್ದ," ಎಂದರು.

ಅಪ್ಪನಿಗೆ ಅವಳು ಏನೂ ಹೇಳಲಿಲ್ಲ. ಪ್ರಾಣದಂತಿದ್ದ ಕಾರನ್ನು ಮಾರಿ ಅರ್ಧ ಆಗಿರುವ ಜೀವ, ಅದರ ಮೇಲೆ ಈ ಮಾತು ಬೇರೆ ಯಾಕೆ ಎಂದು ಸುಮ್ಮನೆ ನುಂಗಿಕೊಂಡಳು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಕಿಟಕಿಯ ಬಳಿ ನಿಂತವಳು ಕೆಳಗೆ ನೋಡಿ ಬೆಚ್ಚಿಬಿದ್ದಳು.

ಅಪ್ಪ ಜಗ್ಗಿನ ತುಂಬ ನೀರು ಹಿಡಿದು, ಕುಂಟುತ್ತಾ, ಕಾರು ನಿಲ್ಲುತ್ತಿದ್ದ ಜಾಗಕ್ಕೆ ಬಂದರು. ಅಲ್ಲಿ ನೆಲದ ಮೇಲೆ ಎಣ್ಣೆಯ ಕಲೆಯೊಂದೇ ಇತ್ತು. ಸ್ವಲ್ಪ ಹೊತ್ತು ಪೆಚ್ಚಾಗಿ ನಿಂತರು. ಆಮೇಲೆ ನೀರನ್ನು ಪಕ್ಕದ ಗಿಡಕ್ಕೆ ಸುರಿದು ಹಿಂದಿರುಗಿದರು.

ಆ ಜಗ್ಗನ್ನು ಅವಳು ವರ್ಷಗಳಿಂದ ನೋಡುತ್ತಿದ್ದಳು. ಅಪ್ಪ ಕಾರಿನ ಗಾಜು ತೊಳೆಯುತ್ತಾರೆ ಅಂದುಕೊಂಡಿದ್ದಳು ಅಷ್ಟೇ. ಊರವರ ಕಣ್ಣೆಲ್ಲ ಪರೀಕ್ಷಿಸುವವಳ ಮನೆಯಲ್ಲಿ ದೀಪದ ಬುಡದಲ್ಲೇ ಕತ್ತಲು!

"ಅಪ್ಪಾ... ಕಾರು ಸೋರ್ತಿತ್ತಾ?"

ಅಪ್ಪ ಚಪ್ಪಲಿ ಬಿಡುತ್ತಾ, ಅದೇನು ದೊಡ್ಡ ವಿಷಯ ಎಂಬಂತೆ ನೋಡಿದರು. "ಸೋರೋದೇನು, ಅದಕ್ಕೆ ಸ್ವಲ್ಪ ಬಾಯಾರಿಕೆ ಜಾಸ್ತಿ. ಬೆಳಿಗ್ಗೆ ಒಂದು ಜಗ್ಗು ಕೊಟ್ರೆ ಇಡೀ ದಿನ ತಕರಾರಿಲ್ಲ."

"ಕೆಟ್ಟಿದೆ ಅಂತ ಹೇಳಬಾರದಿತ್ತಾ ಅಪ್ಪಾ?"

"ನಿಮ್ಮಮ್ಮನಿಗೂ ದಿನಾ ಬೆಳಿಗ್ಗೆ ಮಾತ್ರೆ ಕೊಡ್ತಿದ್ದೆ. ಅವಳು ಕೆಟ್ಟಿದ್ದಾಳೆ ಅಂತ ಯಾರ ಹತ್ರನಾದ್ರೂ ಹೇಳಿದ್ನಾ?"

ಗುಬ್ಬಿ ನಿನ್ನೆ ನಡೆದದ್ದನ್ನೆಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಅಪ್ಪನ ಮುಖ ಬಿಳಿಚಿಕೊಂಡಿತು. ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಹೇಳೋಣ ಅಂತ ಬಾಯಿ ತೆರೆದಿದ್ದೆ ಗುಬ್ಬಿ. ಹಿಂದೆ ಕೂತಿದ್ನಲ್ಲ... ನೀನು ನಗ್ತಾ ಇದ್ದೆ. ಅಮ್ಮ ಹೋದ್ಮೇಲೆ ಈ ಮನೇಲಿ ಆ ನಗು ಕೇಳಿರ್ಲಿಲ್ಲ. ನಡುವೆ ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ. ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಅವನು ಕಾರು ತಗೊಂಡು ಹೋಗೋವಾಗ ನೀನು ಗೇಟಲ್ಲೇ ನಿಂತಿದ್ದೆ. ಆಗ್ಲೂ ಆಗ್ಲಿಲ್ಲ."

ತನ್ನ ನಗುವೇ ಅವನ ಕೇಕನ್ನು ಕೆಡವಿತೇ!

ಬೇಕರಿಯ ತನಕ ಅವಳು ನಡೆದೇ ಹೋದಳು. ದಾರಿಯುದ್ದಕ್ಕೂ ಒಂದೇ ತಳಮಳ. ಅಪ್ಪ ಮುಚ್ಚಿಟ್ಟರು ಎಂದಷ್ಟೇ ಹೇಳಿದರೆ ಅಪ್ಪ ಮೋಸಗಾರರಾಗುತ್ತಾರೆ. ಯಾಕೆ ಮುಚ್ಚಿಟ್ಟರು ಎಂದು ಹೇಳಹೋದರೆ ತನ್ನ ಮನಸ್ಸೂ ಬಟಾಬಯಲು. ಅಷ್ಟೆಲ್ಲ ಹೇಳಿದ ಮೇಲೂ ಅವನು ನಂಬದೆ ನಕ್ಕುಬಿಟ್ಟರೆ? ಆ ಒಂದು ನಗು ನಿಜವಾಗಿತ್ತು ಎಂದು ಅವನಿಗೆ ಗೊತ್ತಾಗದೇ ಹೋದರೆ ಈ ಜನ್ಮದಲ್ಲಿ ಇನ್ನೊಮ್ಮೆ ಯಾರ ಮುಂದೆಯೂ ನಗಲಾರೆ ಅನ್ನಿಸಿತು.

ಹಿಂಬದಿಯ ಕೋಣೆಯಲ್ಲಿ ಅವನು ಮೊಟ್ಟೆಯ ಬಿಳಿಯನ್ನು ಕಡೆಯುತ್ತಿದ್ದ. ಅವಳನ್ನು ನೋಡಿ ಕೈ ನಿಂತಿತು. ಕೂರಿ ಅನ್ನಲಿಲ್ಲ.

ಅವಳು ಕೂರಲೂ ಇಲ್ಲ. ಜಗ್ಗಿನಿಂದ ಹಿಡಿದು ಗೇಟಿನವರೆಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಕಾರನ್ನು ವಾಪಸ್ ತೆಗೆದುಕೊಳ್ಳುತ್ತೇವೆ, ಮದುವೆ ಮನೆಗೆ ಬಂದು ತಪ್ಪು ನಮ್ಮದೆಂದು ಅಪ್ಪನೇ ಹೇಳುತ್ತಾರೆ ಎಂದಳು.

"ಕಾರಿನ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳಾಯ್ತು, ಒಪ್ಕೋತೀನಿ. ಆದ್ರೆ ನಗು ಸುಳ್ಳಲ್ಲ. ನೀವು ಬರ್ತೀರಿ ಅಂತ ದಿನಾ ಕಾಯ್ತಿದ್ದೆ."

ಅವನು ಕಡೆಯುವ ಕೋಲನ್ನು ಕೆಳಗಿಟ್ಟ. ಬಟ್ಟಲಿನ ನೊರೆ ಮೆಲ್ಲಗೆ ಇಳಿಯುತ್ತಿತ್ತು.

"ಸುಳ್ಳು ನಾನೂ ಹೇಳಿದ್ದೀನಿ," ಎಂದ.

"ಏನು?"

"ಅವತ್ತು ಓಡಿಸಿ ನೋಡುವಾಗ ಇಂಜಿನ್ ಬಿಸಿ ತೋರಿಸೋ ಮುಳ್ಳು ಕೆಂಪಿನ ಹತ್ರ ಬಂದಿತ್ತು. ನೋಡಿದೆ. ಗಾಡಿ ನಿಲ್ಲಿಸಬೇಕಿತ್ತು. ನಿಲ್ಲಿಸಿದ್ರೆ ನೀವು ನಗೋದು ನಿಲ್ಲುತ್ತಲ್ಲ ಅಂತ... ಮನೆ ಹತ್ರ ಬಂದ್ಮೇಲೆ ಎಲ್ಲ ಸರಿಯಿದೆ ಅಂದೆ."

ಗುಬ್ಬಿ ಕಣ್ಣು ಬಿಟ್ಟುಕೊಂಡು ನೋಡಿದಳು. ಒಂದು ಕಾರು, ಅದರೊಳಗೆ ಬಾಯಿ ಮುಚ್ಚಿಕೊಂಡ ಇಬ್ಬರು ಗಂಡಸರು, ನಡುವೆ ಏನೂ ಗೊತ್ತಿಲ್ಲದೆ ನಗುತ್ತಿದ್ದ ತಾನು!

"ಹಾಗಾದ್ರೆ ನಿನ್ನೆ ಅಷ್ಟೆಲ್ಲ ಅಂದಿದ್ದು?"

"ನಿಮಗೆ ಮೊದಲೇ ಗೊತ್ತಿತ್ತು ಅಂದ್ಕೊಂಡಾಗ ಕಾರು ತಲೇಲಿ ಇರ್ಲೇ ಇಲ್ಲ. ಹಾಗಾದ್ರೆ ನಗುನೂ ನಾಟಕ ಅನ್ನಿಸ್ತು. ಕೇಕ್ ಬಿದ್ದಾಗ್ಲೂ ಅಷ್ಟು ಸಂಕಟ ಆಗಿರ್ಲಿಲ್ಲ. ತಪ್ಪಾಯ್ತು. ನಾನೂ ಫೋನ್ ಮಾಡೋಕೆ ನೆಪ ಹುಡುಕ್ತಿದ್ದೆ. ಕಾರಲ್ಲಿ ಏನಾದ್ರೂ ಸಣ್ಣದಾಗಿ ಕೆಡಲಿ ಅಂತ ಬೇಡ್ಕೊಂಡಿದ್ದೂ ಇದೆ."

"ಸಣ್ಣದಾಗಿ?"

"ಇಷ್ಟು ದೊಡ್ಡದಾಗಿ ವರ ಸಿಗುತ್ತೆ ಅಂತ ಗೊತ್ತಿರ್ಲಿಲ್ಲ."

ಅಳುತ್ತಲೇ ನಗು ಬಂದುಬಿಟ್ಟಿತು ಅವಳಿಗೆ. ಬಾಯಿಗೆ ಕೈ ಅಡ್ಡ ಇಟ್ಟರೂ ನಿಲ್ಲಲಿಲ್ಲ. ಅವನು ಆ ಕೈಯನ್ನು ಮೆತ್ತಗೆ ಸರಿಸಿ, ಹಾಗೇ ಹಿಡಿದುಕೊಂಡ.

"ಸಂಜೆ ಅಂಗಡಿ ಹತ್ರ ಬರ್ಲಾ? ಮನೆ ತನಕ ಬಿಡ್ತೀನಿ," ಎಂದ.

"ಯಾವುದರಲ್ಲಿ? ಕಾರು ಗ್ಯಾರೇಜಲ್ಲಿದೆ."

"ನಡ್ಕೊಂಡೇ ಹೋಗೋಣ. ದಾರಿ ಬೇಗ ಮುಗಿಯೋದು ಬೇಡ."