ಮುಚ್ಚಳ ಹಾಕಿದ ಅರ್ಧ ಗಂಟೆ

"ನಾನು ಹೋದ್ಮೇಲೆ ಅಂಗಡಿ ಚಿಕ್ಕವಳದು. ಅಳಿಯಂದಿರು ಕೌಂಟರ್ ನೋಡ್ಕೊಳ್ಳಲಿ, ನಗ್ತಾ ಮಾತಾಡ್ಸೋದು ಅವರಿಗೆ ಚೆನ್ನಾಗಿ ಬರತ್ತೆ."

ಮಾವ ಈ ಮಾತು ಹೇಳಿದ್ದು ತಮ್ಮ ಅರವತ್ತೈದನೇ ಹುಟ್ಟುಹಬ್ಬದ ದಿನ, ಮನೆಯಲ್ಲಿ, ವಿಡಿಯೋ ಕ್ಯಾಮೆರಾದ ಎದುರಿಗೆ. ಕ್ಯಾಮೆರಾ ಹಿಡಿದಿದ್ದವನು ಅಳಿಯನೇ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಕೋಣೆಯಲ್ಲಿ ಇದ್ದದ್ದು ಮಾವ, ನಾದಿನಿ, ಅವನು, ಮೂರೇ ಜನ. ಗಡಿಯಾರ ರಿಪೇರಿಯ ಆ ಅಂಗಡಿಯಲ್ಲಿ ಅವನು ಎಂಟು ವರ್ಷ ಗಿರಾಕಿಗಳಿಗೆ ಹಲ್ಲು ಕಿರಿದಿದ್ದ. ಮಾವ ಒಂದು ದಿನವೂ ಅವನ ಕೈಗೆ ಚಿಮಟ ಕೊಟ್ಟಿರಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತ, ನಾಲ್ಕು ಜನರೆದುರು ತುಟಿ ಬಿಚ್ಚದ ನಾದಿನಿಗೆ ಮಾತ್ರ ಚಿಮಟವನ್ನೂ ಕೊಟ್ಟಿದ್ದರು, ಈಗ ಅಂಗಡಿಯನ್ನೂ.

ಮಾವ ತೀರಿಕೊಂಡು ಎರಡು ತಿಂಗಳಿಗೆ ಆ ಮಾತು ಎದ್ದು ಕೂತಿತು. ಕಾಗದದಲ್ಲಿ ಅದು ಎಲ್ಲೂ ಇರಲಿಲ್ಲ. ಹೆಂಡತಿ ನ್ಯಾಯ ಬಿಟ್ಟು ಕದಲುವವಳಲ್ಲ.

"ಅಪ್ಪ ಹಾಗಂದಿದ್ರೆ ನಾಳೆನೇ ನನ್ನ ಪಾಲು ಬಿಟ್ಟು ಸಹಿ ಹಾಕ್ತೀನಿ ಕಣೇ," ಎಂದಳು ತಂಗಿಗೆ. "ಆದ್ರೆ ಇವರಿಗೆ ನೆನಪೇ ಇಲ್ವಂತೆ. ನನ್ನ ಕಿವಿಗೂ ಬಿದ್ದಿಲ್ಲ."

"ಡಿಸ್ಕಲ್ಲಿದೆ, ಅಕ್ಕ," ಎಂದಳು ನಾದಿನಿ. ಅಷ್ಟೇ.

ಅಂಗೈಯಗಲದ ಡಿಸ್ಕ್‌ಗಳು ಒಟ್ಟು ಒಂಬತ್ತು. ಯಾವ ಪ್ಲೇಯರಿಗೆ ಹಾಕಿದರೂ ಖಾಲಿ ಎನ್ನುತ್ತಿದ್ದವು. ಕಾರಣ ಅವನಿಗೆ ಗೊತ್ತಿತ್ತು. ಶೂಟಿಂಗ್ ಮುಗಿದ ಮೇಲೆ ಕ್ಯಾಮೆರಾದಲ್ಲೇ 'ಫೈನಲೈಸ್' ಎಂದು ಒತ್ತಿ ಡಿಸ್ಕನ್ನು ಮುಗಿಸಬೇಕು. ಸೋಮಾರಿತನಕ್ಕೆ ಅವನು ಒಂದನ್ನೂ ಮುಗಿಸಿರಲಿಲ್ಲ. ಹಾಗೆ ಬಿಟ್ಟ ಡಿಸ್ಕ್ ತನ್ನ ಕ್ಯಾಮೆರಾದ ಎದುರು ಬಿಟ್ಟರೆ ಬೇರೆಲ್ಲೂ ಬಾಯಿ ಬಿಡುವುದಿಲ್ಲ. ಆ ಕ್ಯಾಮೆರಾವನ್ನು ಅವನು ಆಗಲೇ ಬಚ್ಚಿಟ್ಟಿದ್ದ. ಆದರೆ ಅಂಥವನ್ನೂ ಬಾಯಿ ಬಿಡಿಸುವ ಅಂಗಡಿಗಳಿವೆ ಎಂಬುದೂ ಅವನಿಗೆ ಗೊತ್ತಿತ್ತು.

ಹುಟ್ಟುಹಬ್ಬದ ಡಿಸ್ಕ್ ಏಳನೆಯದು. ಅದನ್ನು ಬಿಸಾಡುವ ಯೋಚನೆಯನ್ನೇ ಅವನು ಮಾಡಲಿಲ್ಲ. ಪ್ರತಿಯೊಂದರ ಮೇಲೂ ನಾದಿನಿಯ ಕೈಬರಹದ ನಂಬರಿತ್ತು. ಡಿಸ್ಕ್ ಕಳೆದುಹೋದರೆ ಕಳ್ಳನನ್ನು ಹುಡುಕುತ್ತಾರೆ. ಕೆಟ್ಟುಹೋದರೆ ಒಬ್ಬ ಪೆದ್ದ ಸಿಕ್ಕಿದರೆ ಸಾಕು. ಪೆದ್ದನಾಗಲು ಅವನು ಸಿದ್ಧನಿದ್ದ.

ಅಂಗಡಿಯ ವಾರದ ರಜೆಯ ದಿನ, ಮಧ್ಯಾಹ್ನ, ಒಳಗಿನಿಂದ ಷಟರ್ ಎಳೆದುಕೊಂಡು ಕೂತ. ಕ್ಯಾಮೆರಾದ ತಾರೀಖನ್ನು ಹುಟ್ಟುಹಬ್ಬದ ದಿನಕ್ಕೆ ತಿರುಗಿಸಿದ, ಸಮಯವನ್ನು ಸಂಜೆ ಐದಕ್ಕಿಟ್ಟ. ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕ್, ಅಳಿಸಿದ. ಬರೀ ಅಳಿಸಿದ್ದನ್ನು ಮರಳಿ ತೆಗೆಯುವವರಿದ್ದಾರೆ, ಹಾಗಾಗಿ ಅದರ ಮೇಲೆ ಏನಾದರೂ ತುಂಬಲೇಬೇಕು. ಲೆನ್ಸಿಗೆ ಮುಚ್ಚಳ ಹಾಕಿ, ಕೆಂಪು ಗುಂಡಿ ಒತ್ತಿ, ಕ್ಯಾಮೆರಾವನ್ನು ಮಾವನ ಮೇಜಿನ ಮೇಲಿಟ್ಟ. ಪುಟ್ಟ ಪರದೆ ಕಾಡಿಗೆಯಂತೆ ಕಪ್ಪಗಿತ್ತು. ಡಿಸ್ಕ್ ತುಂಬಲು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನೂ ಅವನು ದಂಡ ಮಾಡಲಿಲ್ಲ. ಮಾವನ ಕುರ್ಚಿಯಲ್ಲಿ ಕಾಲು ಚಾಚಿ, ಗೋಡೆ ಒಡೆದು ತನ್ನ ಮಳಿಗೆ ದೊಡ್ಡದು ಮಾಡಲು ಹವಣಿಸುತ್ತಿದ್ದ ಪಕ್ಕದ ಕನ್ನಡಕದಂಗಡಿಯವನ ಜೊತೆ ಫೋನಿನಲ್ಲೇ ಹೆಂಡತಿಯ ಪಾಲು ಮಾರುವ ವ್ಯವಹಾರ ಕುದುರಿಸಿದ. ಆಮೇಲೆ ಡಿಸ್ಕನ್ನು ಫೈನಲೈಸ್ ಮಾಡದೆ ಮೊದಲಿನಂತೆಯೇ ಪೆಟ್ಟಿಗೆಗೆ ಸೇರಿಸಿದ. ಕ್ಯಾಮೆರಾವನ್ನು ಬಿಚ್ಚಿ, ಮನೆಗೆ ಹೋಗುವ ದಾರಿಯ ಮೂರು ಕಸದ ತೊಟ್ಟಿಗಳಿಗೆ ಹಂಚಿದ.

"ಕ್ಯಾಮೆರಾ ಎಷ್ಟು ಹುಡುಕಿದ್ರೂ ಸಿಗ್ತಿಲ್ಲ," ಎಂದ ಹೆಂಡತಿಗೆ. "ಇಂಥ ಡಿಸ್ಕಿಂದ ವಿಡಿಯೋ ತೆಗೆದುಕೊಡೋರು ಒಬ್ರಿದಾರಂತೆ. ಕೊಟ್ಟುಬಿಡೋಣ. ಅವಳ ಮನಸ್ಸಿಗಾದ್ರೂ ಸಮಾಧಾನ ಆಗ್ಲಿ."

ಹೆಂಡತಿಯ ಕಣ್ಣು ತುಂಬಿತು. ತನ್ನ ಒಳ್ಳೆಯತನಕ್ಕೆ ಅವನೂ ಒಂದು ಕ್ಷಣ ಕರಗಿದ.

ಹತ್ತು ದಿನ ಬಿಟ್ಟು ಕರೆ ಬಂತು. ಡಿಸ್ಕ್ ಅಂಗಡಿಯ ಒಳಕೋಣೆ ರೈಲಿನ ಬೋಗಿಯಂತೆ ಇಕ್ಕಟ್ಟು. ಗೋಡೆಗೆ ಒತ್ತಿಕೊಂಡು ಅವನು, ಆಮೇಲೆ ಹೆಂಡತಿ, ಬಾಗಿಲ ಬದಿಗೆ ನಾದಿನಿ. ಅಂಗಡಿಯಾಕೆ ಮಾತಿನಲ್ಲಿ ಚುರುಕು.

"ಎಂಟು ಚೆನ್ನಾಗಿ ಬಂದಿವೆ. ಏಳನೇದು ಮಾತ್ರ ನೋಡಿ, ತಾರೀಖು ಸರಿಯಾಗಿದೆ, ಸಂಜೆ ಐದು ಗಂಟೆ, ಅರ್ಧ ಗಂಟೆ ಪೂರ್ತಿ ಇದೆ. ಆದ್ರೆ ಬರೀ ಕಪ್ಪು."

ಅವನು ಹಣೆ ಚಚ್ಚಿಕೊಂಡ. ಎಷ್ಟು ಜೋರಾಗಿ ಚಚ್ಚಿಕೊಳ್ಳಬೇಕೆಂಬುದನ್ನೂ ಬಚ್ಚಲಮನೆಯ ಕನ್ನಡಿಯೆದುರು ಅಭ್ಯಾಸ ಮಾಡಿದ್ದ. "ಅಯ್ಯೋ, ಮುಚ್ಚಳ. ಅವತ್ತು ಮುಚ್ಚಳ ತೆಗೆಯೋದೇ ಮರೆತಿದೀನಿ ಕಣೇ."

"ನಿಮ್ಮ ಕೈಗೆ ಕ್ಯಾಮೆರಾ ಕೊಟ್ಟಿದ್ದೇ ತಪ್ಪು ರೀ," ಎಂದಳು ಹೆಂಡತಿ. "ಚಿಕ್ಕಮ್ಮನ ಮಗಳ ಮದುವೇಲಿ ಊಟದ ಸಾಲು ತೆಗೀರಿ ಅಂದ್ರೆ ಜನರ ಚಪ್ಪಲಿ ತೆಗ್ದಿದ್ರಿ."

ಅಂಗಡಿಯಾಕೆ ನಕ್ಕಳು. ಅವನೂ ತಲೆ ತಗ್ಗಿಸಿ ನಕ್ಕ. ಮುಗಿಯಿತು. "ನಡೀರಿ, ಹೊರಡೋಣ," ಎಂದು ಏಳಲು ಹೋದ. ಹೆಂಡತಿಯ ಮೊಣಕಾಲು ಅಡ್ಡವಿತ್ತು.

ನಾದಿನಿ, ಕಪ್ಪು ಪರದೆಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಹೇಳಿದಳು: "ಹೋಗ್ಲಿ ಬಿಡಿ ಭಾವ, ಬೇಜಾರು ಮಾಡ್ಕೋಬೇಡಿ. ಮುಚ್ಚಳ ಕಣ್ಣಿಗೆ ತಾನೆ ಹಾಕಿದ್ದು. ಅಪ್ಪನ ದನಿ ಬಂದಿರತ್ತೆ." ಅಂಗಡಿಯಾಕೆ, "ಹೌದಲ್ವಾ. ಮನೆಯವರ ಮಾತು ನಮಗ್ಯಾಕೆ ಅಂತ ನಾನು ಸೌಂಡ್ ಹಾಕೋದೇ ಇಲ್ಲ," ಎನ್ನುತ್ತ ಸ್ಪೀಕರಿನ ಗುಂಡಿ ತಿರುಗಿಸಿದಳು. ಮೊದಲು ಕೇಳಿಸಿದ್ದು ನೂರಾರು ಟಿಕ್ ಟಿಕ್. "ಇದು ಮನೆ ಅಲ್ಲ ಅಕ್ಕ, ಅಂಗಡಿ," ಎಂದಳು ನಾದಿನಿ. ಸಂಜೆ ಐದೆಂದು ತೋರಿಸುತ್ತಿದ್ದ ಆ ಕತ್ತಲಿನೊಳಗೆ ಗೋಡೆಯ ಗಡಿಯಾರಗಳೆಲ್ಲ ಒಂದರ ಹಿಂದೊಂದು ಮೂರು ಹೊಡೆದವು. ಮಾವನ ಕುರ್ಚಿ ಕಿರುಗುಟ್ಟಿತು. ಆಮೇಲೆ ಗಿರಾಕಿಗಳನ್ನು ನಗುತ್ತ ಮಾತಾಡಿಸುವ ಆ ದನಿ, ಸ್ಪಷ್ಟವಾಗಿ: "ಹಲೋ, ನಾನೇ. ಮುದುಕನ ಮಾತು ಅಳಿಸ್ತಾ ಕೂತಿದೀನಿ. ಗೋಡೆ ಯಾವಾಗ ಒಡೀತೀರಿ ಹೇಳಿ." ಅವನು ಮತ್ತೆ ಏಳಲು ನೋಡಿದ. ಹೆಂಡತಿಯ ಮೊಣಕಾಲು ಕದಲಲಿಲ್ಲ. ಡಿಸ್ಕಿನಲ್ಲಿ ಇನ್ನೂ ಇಪ್ಪತ್ತೆಂಟು ನಿಮಿಷ ಬಾಕಿಯಿತ್ತು.